ಐಇಸಿ 61850 ಕಲಿಯೋಕೆ ಯಾವ ದಾರಿ ಹಿಡೀಬೇಕು? ಸ್ಟ್ಯಾಂಡರ್ಡ್, ಕಂಪನಿ ಟೂಲ್, ಓಪನ್ ಸೋರ್ಸ್, ಕೋರ್ಸ್ – ಯಾರಿಗೆ ಯಾವ್ದು

ಐಇಸಿ 61850 ಅಂದ್ರೆ ಸಬ್‌ಸ್ಟೇಷನ್ ಒಳಗಿನ ರಿಲೇ (ದೋಷ ಕಂಡ್ರೆ ಬ್ರೇಕರ್ ತೆರೆಸೋ ಸಾಧನ), ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋಕೆ ಇರೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್. ಸಬ್‌ಸ್ಟೇಷನ್ ಆಟೋಮೇಷನ್ ಕಡೆ ಬರ್ಬೇಕು ಅಂತಿರೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಸ್ಟ್ಯಾಂಡರ್ಡ್ ತಗೊಂಡು ಓದ್ಲಾ, ಡಿಗ್ಸಿ ಥರದ, ರಿಲೇ ಕಂಪನಿಯವರದ್ದೇ ಆದ ಟೂಲ್ ಕಲೀಲಾ, ದುಡ್ಡು ಕಟ್ಟಿ ಕೋರ್ಸ್ ಸೇರ್ಲಾ, ಇಲ್ಲಾ ಲ್ಯಾಪ್‌ಟಾಪಲ್ಲಿ ಓಪನ್ ಸೋರ್ಸ್ ಹಾಕ್ಕೊಂಡು ಮನೇಲೇ ಶುರು ಮಾಡ್ಲಾ? ಪ್ರಶ್ನೆ ಒಂದೇ ಆದ್ರೂ ಕೇಳೋರು ಬೇರೆಬೇರೆ. ಒಬ್ರು ಇಇಇ ಕೊನೇ ವರ್ಷದಲ್ಲಿರ್ತಾರೆ, ಇನ್ನೊಬ್ರು ಸೆಕೆಂಡರಿ ಇಂಜೆಕ್ಷನ್ ಕಿಟ್ (ರಿಲೇಗೆ ಕರೆಂಟ್, ವೋಲ್ಟೇಜ್ ಕೊಟ್ಟು ಪರೀಕ್ಷೆ ಮಾಡೋ ಪೆಟ್ಟಿಗೆ) ಹಿಡ್ಕೊಂಡು ಊರೂರು ತಿರುಗೋ ಟೆಸ್ಟಿಂಗ್ ಇಂಜಿನಿಯರ್, ಮತ್ತೊಬ್ರು ಕೆಪಿಟಿಸಿಎಲ್‌ನಲ್ಲಿ ಎಇ, ಇನ್ನೂ ಕೆಲವ್ರು ಬೆಂಗಳೂರಿನ ಯಾವುದೋ ಇಂಜಿನಿಯರಿಂಗ್ ಸೆಂಟರಲ್ಲಿ ಸಿ ಪ್ಲಸ್ ಪ್ಲಸ್ ಬರೀತಾ ಇರೋರು, ಪ್ರಾಜೆಕ್ಟ್ ಬದಲಾಗಿ ಒಂದಿನ ಇದ್ದಕ್ಕಿದ್ದ ಹಾಗೆ ಎಸ್‌ಸಿಎಲ್ ಫೈಲ್ (61850ರ ಕಾನ್ಫಿಗರೇಷನ್ ಬರೆಯೋ ಭಾಷೆಯ ಫೈಲ್) ಕೈಗೆ ಬಂದಿರತ್ತೆ. ಇವ್ರೆಲ್ಲರಿಗೂ ಒಂದೇ ಉತ್ತರ ಕೊಟ್ರೆ ಯಾರಿಗೂ ಉಪಯೋಗ ಆಗಲ್ಲ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಕಲಿಯೋದು ಏನು ಅನ್ನೋದು ಮೊದ್ಲು ಕ್ಲಿಯರ್ ಆಗ್ಲಿ. ಇದ್ರಲ್ಲಿ ಎರಡು ಭಾಗ ಇದೆ, ಒಂದು ಡೇಟಾ ಮಾಡೆಲ್, ಇನ್ನೊಂದು ಸಿಸ್ಟಮ್ ಕಾನ್ಫಿಗರೇಷನ್. ತುಂಬಾ ಜನ ಎರಡನ್ನೂ ಕಲಸಿಬಿಡ್ತಾರೆ.

ಒಂದು 66 ಕೆವಿ ಲೈನ್ ಬೇ, ಅಂದ್ರೆ ಒಂದು ಲೈನಿಗೆ ಸೇರಿದ ಬ್ರೇಕರ್, ರಿಲೇ ಎಲ್ಲಾ ಇರೋ ಭಾಗ, ತಗೊಳ್ಳಿ. ಬ್ರೇಕರ್ ಓಪನ್ ಇದ್ಯೋ ಕ್ಲೋಸ್ ಇದ್ಯೋ ಅಂತ ಹೇಳೋದು 52ಎ, 52ಬಿ ಅನ್ನೋ ಎರಡು ಆಕ್ಸಿಲರಿ ಕಾಂಟ್ಯಾಕ್ಟ್. ಆ ಎರಡೂ ವೈರ್ ರಿಲೇಯ ಬೈನರಿ ಇನ್‌ಪುಟ್‌ಗೆ ಬಂದು ಕೂರತ್ತೆ. ಹಳೇ ಕಾಲದಲ್ಲಿ ಅಲ್ಲಿಂದ ಮುಂದಕ್ಕೆ ಆರ್‌ಟಿಯುಗೆ (ಕಂಟ್ರೋಲ್ ಸೆಂಟರ್‌ಗೆ ಮಾಹಿತಿ ಕಳಿಸೋ ಪೆಟ್ಟಿಗೆಗೆ) ಮತ್ತೆ ವೈರ್, ಆಮೇಲೆ ಎಷ್ಟನೇ ಪಾಯಿಂಟ್ ನಂಬರ್ ಏನು ಅಂತ ಎಕ್ಸೆಲ್ ಶೀಟ್. 61850ರಲ್ಲಿ ಅದೇ ಸಿಗ್ನಲ್‌ಗೆ ಅರ್ಥ ಇರೋ ಒಂದು ವಿಳಾಸ ಇರತ್ತೆ: ಲಾಜಿಕಲ್ ಡಿವೈಸ್, ಅದ್ರೊಳಗೆ ಎಕ್ಸ್‌ಸಿಬಿಆರ್ ಅನ್ನೋ ಲಾಜಿಕಲ್ ನೋಡ್, ಅದ್ರೊಳಗೆ ಪಾಸ್ ಅನ್ನೋ ಡೇಟಾ ಆಬ್ಜೆಕ್ಟ್, ಅದ್ರೊಳಗೆ ಎಸ್‌ಟಿವ್ಯಾಲ್, ಕ್ಯೂ, ಟಿ, ಅಂದ್ರೆ ಬೆಲೆ, ಕ್ವಾಲಿಟಿ, ಟೈಮ್‌ಸ್ಟ್ಯಾಂಪ್. ಬೆಲೆ ಎರಡು ಬಿಟ್: 01 ಆದ್ರೆ ಓಪನ್, 10 ಆದ್ರೆ ಕ್ಲೋಸ್, 00 ಆದ್ರೆ ಬ್ರೇಕರ್ ಇನ್ನೂ ನಡುವೆ ಚಲಿಸ್ತಾ ಇದೆ, 11 ಆದ್ರೆ ಎರಡೂ ಕಾಂಟ್ಯಾಕ್ಟ್ ಒಟ್ಟಿಗೆ ಬಂದಿದೆ, ಏನೋ ಕೆಟ್ಟಿದೆ. ಯಾವ ಕಂಪನಿ ರಿಲೇ ಆದ್ರೂ ಬ್ರೇಕರ್ ಅಂದ್ರೆ ಎಕ್ಸ್‌ಸಿಬಿಆರ್, ಕಮಾಂಡ್ ಕೊಡೋದು ಸಿಎಸ್‌ಡಬ್ಲ್ಯೂಐ, ಇಂಟರ್‌ಲಾಕ್ ಸಿಐಎಲ್‌ಓ, ಓವರ್‌ಕರೆಂಟ್ ಪಿಟಿಓಸಿ, ಡಿಸ್ಟೆನ್ಸ್ ಪಿಡಿಐಎಸ್, ಮೀಟರಿಂಗ್ ಎಂಎಂಎಕ್ಸ್‌ಯು. ಇದು ಡೇಟಾ ಮಾಡೆಲ್.

ಸಿಸ್ಟಮ್ ಕಾನ್ಫಿಗರೇಷನ್ ಅಂದ್ರೆ ಇಂಥ ಹತ್ತಿಪ್ಪತ್ತು ಐಇಡಿಗಳನ್ನ (ರಿಲೇ ಥರದ ಬುದ್ಧಿವಂತ ಸಾಧನಗಳನ್ನ) ಒಂದು ಸ್ಟೇಷನ್ ಆಗಿ ಕಟ್ಟೋದು. ಪ್ರತಿ ಐಇಡಿ ತಾನು ಏನೇನು ಮಾಡಬಲ್ಲೆ ಅಂತ ಹೇಳೋ ಐಸಿಡಿ ಫೈಲ್ ಕೊಡತ್ತೆ, ಸಿಂಗಲ್ ಲೈನ್ ಡಯಾಗ್ರಾಮ್ ಎಸ್‌ಎಸ್‌ಡಿ ಫೈಲಲ್ಲಿ ಇರತ್ತೆ, ಇವೆರಡೂ ಸೇರಿ ಸಿಸ್ಟಮ್ ಕಾನ್ಫಿಗರೇಟರ್‌ನಲ್ಲಿ ಎಸ್‌ಸಿಡಿ ಆಗತ್ತೆ. ಯಾರು ಯಾರಿಗೆ ಗೂಸ್ (ಐಇಡಿಯಿಂದ ಐಇಡಿಗೆ ನೇರ ಹೋಗೋ ವೇಗದ ಮೆಸೇಜು) ಕಳಿಸ್ಬೇಕು, ಯಾವ ಡೇಟಾಸೆಟ್ (ಒಟ್ಟಿಗೆ ಹೋಗೋ ಸಿಗ್ನಲ್‌ಗಳ ಪಟ್ಟಿ), ಯಾವ ರಿಪೋರ್ಟ್ ಕಂಟ್ರೋಲ್ ಬ್ಲಾಕ್ (ಈವೆಂಟ್ ಕಳಿಸೋ ಸೆಟ್ಟಿಂಗ್) ಸ್ಕಾಡಾಗೆ, ಅಂದ್ರೆ ದೂರದಿಂದ ನೋಡಿ ನಿಯಂತ್ರಿಸೋ ವ್ಯವಸ್ಥೆಗೆ, ಐಪಿ ಏನು, ವಿಲ್ಯಾನ್ (ಒಂದೇ ನೆಟ್‌ವರ್ಕೊಳಗಿನ ಬೇರೆ ಪಾಲು) ಏನು, ಎಲ್ಲಾ ಅದ್ರಲ್ಲಿ. ಆಮೇಲೆ ಒಂದೊಂದು ಐಇಡಿಗೆ ಅದರ ಪಾಲಿನ ಸಿಐಡಿ ಇಳಿಯತ್ತೆ. ಇವೆಲ್ಲಾ ಕೊನೆಗೆ ಎಕ್ಸ್‌ಎಂಎಲ್ ಫೈಲುಗಳೇ, ನೋಟ್‌ಪ್ಯಾಡಲ್ಲಿ ತೆರೆದು ಓದಬಹುದು. ಈ ಕೊನೇ ಮಾತನ್ನ ನೆನಪಿಟ್ಕೊಳ್ಳಿ, ನಾನು ಮುಂದೆ ಹೇಳೋದೆಲ್ಲಾ ಅದ್ರ ಮೇಲೇ ನಿಂತಿದೆ.

ಯಾವ ಅಳತೆಗೋಲು ಇಟ್ಕೊಂಡು ತೂಗ್ಬೇಕು

ದಾರಿ ಆರಿಸೋಕೆ ಮುಂಚೆ ಈ ಐದು ವಿಷಯ ನೋಡಿ ಅಂತ ನಾನು ಹೇಳ್ತೀನಿ. ಮೊದಲ್ನೇದು, ಆ ದಾರೀಲಿ ಹೋದ್ರೆ ಒಳಗಿನ ಮಾಡೆಲ್ ನಿಮ್ಮ ಕಣ್ಣಿಗೆ ಬೀಳತ್ತಾ, ಇಲ್ಲಾ ಬರೀ ಬಟನ್ ಒತ್ತೋದು ಬರತ್ತಾ. ಎರಡನೇದು, ಒಂದು ಕಂಪನಿಯ ರಿಲೇ ಬಿಟ್ಟು ಇನ್ನೊಂದು ಬಂದಾಗ ಕಲಿತದ್ದು ಉಳಿಯತ್ತಾ. ಮೂರನೇದು, ಕೈಯಾರೆ ಕೆಡಿಸಿ ನೋಡೋಕೆ ಅವಕಾಶ ಇದ್ಯಾ, ಯಾಕಂದ್ರೆ ಈ ವಿಷಯ ಕೆಟ್ಟಾಗ್ಲೇ ಚೆನ್ನಾಗಿ ಅರ್ಥ ಆಗೋದು, ಚಾರ್ಜ್ ಆಗಿರೋ ಸ್ಟೇಷನ್‌ನಲ್ಲಿ ಕೆಡಿಸಿ ನೋಡೋಕಂತೂ ಆಗಲ್ಲ. ನಾಲ್ಕನೇದು ದುಡ್ಡು. ಐದನೇದು, ಎಷ್ಟು ಬೇಗ ಕೆಲಸಕ್ಕೆ ಬರ್ಬೇಕು: ಮುಂದಿನ ವಾರ ಎಫ್‌ಎಟಿ (ಫ್ಯಾಕ್ಟರಿಯಲ್ಲಿ ನಡೆಯೋ ಒಪ್ಪಿಗೆ ಪರೀಕ್ಷೆ) ಇರೋರ ಅವಸರ ಬೇರೆ, ಮುಂದಿನ ವರ್ಷ ಕೆಲಸ ಹುಡುಕೋರ ಸಮಯ ಬೇರೆ.

ಸ್ಟ್ಯಾಂಡರ್ಡನ್ನೇ ಓದೋದು

ಮಾಡೆಲ್ ಕಾಣೋ ವಿಷಯದಲ್ಲಿ ಇದಕ್ಕಿಂತ ಒಳ್ಳೇದು ಇಲ್ಲ, ಕಂಪನಿ ಯಾವುದಾದ್ರೂ ಕಲಿತದ್ದು ಉಳಿಯತ್ತೆ. ತೊಂದ್ರೆ ಇರೋದು ದುಡ್ಡು ಮತ್ತೆ ತಾಳ್ಮೆ ಎರಡರಲ್ಲೂ. ಐಇಸಿ ವೆಬ್‌ಸ್ಟೋರಲ್ಲಿ ಒಂದೊಂದು ಭಾಗಕ್ಕೂ ನೂರಾರು ಸ್ವಿಸ್ ಫ್ರಾಂಕ್, ಇಡೀ ಸರಣಿ ಸ್ವಂತ ದುಡ್ಡಲ್ಲಿ ಕೊಳ್ಳೋದು ಯಾರಿಗೂ ಬೇಡ. ಆಫೀಸು, ಕಾಲೇಜು ಲೈಬ್ರರಿಯಲ್ಲಿ ಇದ್ಯಾ ಕೇಳಿ. ಇಲ್ಲಾಂದ್ರೂ ಪ್ರತಿ ಭಾಗದ ಮೊದಲ ಕೆಲವು ಪುಟದ ಪ್ರಿವ್ಯೂ ಫ್ರೀಯಾಗಿ ಸಿಗತ್ತೆ, ಅದಕ್ಕಿಂತ ಮುಖ್ಯವಾಗಿ ಎಸ್‌ಸಿಎಲ್‌ನ ಎಕ್ಸ್‌ಎಸ್‌ಡಿ ಸ್ಕೀಮಾ ಫೈಲುಗಳನ್ನ ಐಇಸಿಯೇ ಫ್ರೀಯಾಗಿ ಕೊಡತ್ತೆ. ಆ ಸ್ಕೀಮಾ ಒಂದಿದ್ರೆ ಯಾವ ಎಲಿಮೆಂಟ್ ಒಳಗೆ ಯಾವ್ದು ಬರ್ಬಹುದು, ಯಾವ್ದು ಕಡ್ಡಾಯ ಅನ್ನೋದು ಅರ್ಧಕ್ಕರ್ಧ ಗೊತ್ತಾಗತ್ತೆ.

ಓದೋರು ಭಾಗ 1ರಿಂದ ಶುರು ಮಾಡಿ ಭಾಗ 5ರ ಹತ್ರ ಸುಸ್ತಾಗಿ ಬಿಟ್ಟುಬಿಡ್ತಾರೆ, ಇದು ಎಲ್ಲೆಲ್ಲೂ ನಡೆಯೋದೇ. ನಾನು ಹೇಳೋ ಕ್ರಮ ಬೇರೆ. ಮೊದ್ಲು 7-1 ಓದಿ, ಅದು ಇಡೀ ವಿಚಾರ ಯಾಕೆ ಹೀಗಿದೆ ಅಂತ ಬಿಡಿಸಿ ಹೇಳತ್ತೆ. ಆಮೇಲೆ ಭಾಗ 6, ಅದೇ ಎಸ್‌ಸಿಎಲ್. 7-3 (ಡೇಟಾ ಬಗೆಗಳ ಪಟ್ಟಿ) ಮತ್ತೆ 7-4ನ್ನ (ಲಾಜಿಕಲ್ ನೋಡ್‌ಗಳ ಪಟ್ಟಿ) ಓದೋಕೆ ಹೋಗ್ಬೇಡಿ, ನಿಘಂಟಿನ ಥರ ಪಕ್ಕದಲ್ಲಿಟ್ಕೊಂಡು ಬೇಕಾದಾಗ ತೆಗೆದು ನೋಡಿ. ಮೊದಲ ಆವೃತ್ತಿಯಲ್ಲೇ ಸುಮಾರು 90 ಲಾಜಿಕಲ್ ನೋಡ್ ಇದ್ವು, ಎರಡನೇ ಆವೃತ್ತಿಯಲ್ಲಿ ಇನ್ನೂ ಜಾಸ್ತಿ ಆದ್ವು, ಎಲ್ಲಾ ಬಾಯಿಪಾಠ ಮಾಡೋ ಅಗತ್ಯ ಯಾರಿಗೂ ಇಲ್ಲ. ಮೊದಲಕ್ಷರ ಗೊತ್ತಿದ್ರೆ ಸಾಕು, ಪಿ ಅಂದ್ರೆ ಪ್ರೊಟೆಕ್ಷನ್, ಆರ್ ಅಂದ್ರೆ ಪ್ರೊಟೆಕ್ಷನ್‌ಗೆ ಸೇರಿದ ಇತರ ಕೆಲಸ, ಸಿ ಕಂಟ್ರೋಲ್, ಎಂ ಮೀಟರಿಂಗ್, ಎಕ್ಸ್ ಸ್ವಿಚ್‌ಗೇರ್, ಟಿ ಇನ್‌ಸ್ಟ್ರುಮೆಂಟ್ ಟ್ರಾನ್ಸ್‌ಫಾರ್ಮರ್, ವೈ ಪವರ್ ಟ್ರಾನ್ಸ್‌ಫಾರ್ಮರ್. 7-2, ಅಂದ್ರೆ ಓದು, ಬರಿ, ರಿಪೋರ್ಟ್ ಥರದ ಸೇವೆಗಳ ವಿವರ, ಆಮೇಲೆ. 8-1, ಅಂದ್ರೆ ಎಂಎಂಎಸ್ ಮ್ಯಾಪಿಂಗ್ (ಮಾಡೆಲನ್ನ ಎಂಎಂಎಸ್ ಅನ್ನೋ ನೆಟ್‌ವರ್ಕ್ ಪ್ರೊಟೊಕಾಲ್ ಮೇಲೆ ಕೂರಿಸೋದು), ಸ್ಟ್ಯಾಕ್ ಬರೆಯೋ ಸಾಫ್ಟ್‌ವೇರ್‌ನವರಿಗೆ ಬಿಟ್ರೆ ಬೇರೆಯವರಿಗೆ ಅವಸರ ಇಲ್ಲ.

ಇನ್ನೊಂದು ವಿಷಯ, ಎಡಿಷನ್. ಮೊದಲ ಆವೃತ್ತಿಯ ಎಸ್‌ಸಿಎಲ್ 2004ರದ್ದು, ಎರಡನೇದು 2009ರದ್ದು, ಅದಕ್ಕೆ ತಿದ್ದುಪಡಿ ಆಗಿ 2.1 ಅಂತ ಕರೆಯೋದು 2018ರದ್ದು. ಫೈಲ್ ತೆರೆದ ತಕ್ಷಣ ಮೇಲ್ಗಡೆ ಎಸ್‌ಸಿಎಲ್ ಟ್ಯಾಗಲ್ಲೇ ಗೊತ್ತಾಗತ್ತೆ: ವರ್ಷನ್ 2007, ರಿವಿಷನ್ ಬಿ ಅಂತಿದ್ರೆ ಎರಡನೇದು, ಜೊತೆಗೆ ರಿಲೀಸ್ 4 ಅಂತಿದ್ರೆ 2.1, ಏನೂ ಇಲ್ದಿದ್ರೆ ಮೊದಲನೇದು. ನಮ್ಮ ಸ್ಟೇಷನ್‌ಗಳಲ್ಲಿ ಹಳೇ ರಿಲೇ ಹೊಸ ರಿಲೇ ಪಕ್ಕಪಕ್ಕ ಇರೋದ್ರಿಂದ ಇದು ದಿನಾ ಬರೋ ತಲೆನೋವು, ಟೆಸ್ಟ್ ಮೋಡ್, ಸಿಮ್ಯುಲೇಷನ್ ಬಿಟ್ ಇಂಥವೆಲ್ಲಾ ಎರಡು ಆವೃತ್ತಿಯಲ್ಲೂ ಒಂದೇ ಥರ ಇಲ್ಲ.

ಬರೀ ಓದಿದ್ರೆ ಮಾತ್ರ ಕೈಗೆ ಏನೂ ಬರಲ್ಲ. ಮೂರನೇ ಅಳತೆಯಲ್ಲಿ ಇದಕ್ಕೆ ಸೊನ್ನೆ.

ಕಂಪನಿ ಟೂಲ್ ಹಿಡಿದು ಕಲಿಯೋದು

ಬೇಗ ಕೆಲಸಕ್ಕೆ ಬರೋ ದಾರಿ ಇದೇ. ಸೀಮೆನ್ಸ್ ಸಿಪ್ರೊಟೆಕ್ 5ಕ್ಕೆ ಡಿಗ್ಸಿ 5 ಮತ್ತೆ ಅದ್ರ ಜೊತೆಗಿನ ಐಇಸಿ 61850 ಸಿಸ್ಟಮ್ ಕಾನ್ಫಿಗರೇಟರ್, ಎಬಿಬಿ ಮತ್ತೆ ಹಿಟಾಚಿ ಎನರ್ಜಿಯ ರೆಲಿಯಾನ್ ರಿಲೇಗಳಿಗೆ ಪಿಸಿಎಂ600, ಎಸ್‌ಇಎಲ್‌ಗೆ ಆರ್ಕಿಟೆಕ್ಟ್. ಕೆಲಸದ ಜಾಹೀರಾತಲ್ಲಿ ಈ ಹೆಸರುಗಳೇ ಇರೋದು, ಇಂಟರ್‌ವ್ಯೂನಲ್ಲೂ ಮೊದ್ಲು ಕೇಳೋದು ಇದನ್ನೇ.

ಒಂದೊಂದರ ಗುಣ ಬೇರೆ. ಡಿಗ್ಸಿ 5ರಲ್ಲಿ ರಿಲೇ ಕೈಯಲ್ಲಿ ಇಲ್ದೇನೇ ಪ್ರಾಡಕ್ಟ್ ಕೋಡ್ ಹಾಕಿ ಆಫ್‌ಲೈನ್ ಪ್ರಾಜೆಕ್ಟ್ ಮಾಡಬಹುದು, ಫಂಕ್ಷನ್ ಎಳೆದು ಹಾಕಿದ್ರೆ ಹಿಂದೆ ಲಾಜಿಕಲ್ ನೋಡ್ ಹುಟ್ಟೋದನ್ನ ನೋಡಬಹುದು, ಸ್ಟ್ರಕ್ಚರ್ ಎಡಿಟರಲ್ಲಿ ಲಾಜಿಕಲ್ ಡಿವೈಸ್ ಹೆಸರು, ಪ್ರಿಫಿಕ್ಸ್ ಬದಲಾಯಿಸಬಹುದು. ಕಲಿಯೋಕೆ ಇದು ತುಂಬಾ ಒಳ್ಳೇದು. ಪಿಸಿಎಂ600ನಲ್ಲಿ ಐಇಡಿ ಮಾದರಿಗೆ ತಕ್ಕ ಕನೆಕ್ಟಿವಿಟಿ ಪ್ಯಾಕೇಜ್ ಮೊದ್ಲು ಹಾಕ್ಬೇಕು, ಅದು ಇಲ್ಲಾಂದ್ರೆ ಏನೂ ಕಾಣಲ್ಲ. 670 ಸೀರೀಸಲ್ಲಿ ಅಪ್ಲಿಕೇಷನ್ ಕಾನ್ಫಿಗರೇಷನ್‌ನಲ್ಲಿ ಫಂಕ್ಷನ್ ಬ್ಲಾಕ್ ಇಟ್ರೆ ತಾನೇ ಅದಕ್ಕೆ ಲಾಜಿಕಲ್ ನೋಡ್ ಬರೋದು, ಗೂಸ್ ತಗೊಳ್ಳೋ ಕಡೆಯೂ ರಿಸೀವ್ ಬ್ಲಾಕ್ ಇಟ್ಟು ಸಿಗ್ನಲ್ ಮ್ಯಾಟ್ರಿಕ್ಸಲ್ಲಿ ಸೇರಿಸ್ಬೇಕು, ಹಾಗಾಗಿ ಲಾಜಿಕ್‌ಗೂ ಮಾಡೆಲ್‌ಗೂ ಇರೋ ನಂಟು ಚೆನ್ನಾಗಿ ಅರ್ಥ ಆಗತ್ತೆ. ಎಸ್‌ಇಎಲ್ ಆರ್ಕಿಟೆಕ್ಟ್ ಇವೆರಡಕ್ಕಿಂತ ಸರಳ, ಡೇಟಾಸೆಟ್ ಮಾಡಿ ಗೂಸ್ ಕಳಿಸಿ ತಗೊಳ್ಳೋದು ಬೇಗ ಕೈಗೆ ಹತ್ತತ್ತೆ, ಆದ್ರೆ ಅದು ಎಸ್‌ಇಎಲ್ ರಿಲೇಗಳ ಸುತ್ತ ಕಟ್ಟಿರೋದು, ಪೂರ್ತಿ ಸ್ಟೇಷನ್ ಎಸ್‌ಸಿಡಿ ಕಲಿಯೋಕೆ ಅದೊಂದೇ ಸಾಲಲ್ಲ. ಟ್ರಯಲ್, ಲೈಸೆನ್ಸ್ ಷರತ್ತು ಆಗಾಗ ಬದಲಾಗತ್ತೆ, ಇಳಿಸ್ಕೊಳ್ಳೋ ದಿನ ಕಂಪನಿ ಸೈಟಲ್ಲೇ ನೋಡ್ಕೊಳ್ಳಿ, ಕಳ್ಳ ಕ್ರ್ಯಾಕ್ ಹಾಕಿದ ಲ್ಯಾಪ್‌ಟಾಪನ್ನ ಸ್ಟೇಷನ್ ನೆಟ್‌ವರ್ಕ್‌ಗೆ ಚುಚ್ಚೋ ಕೆಲಸ ಮಾತ್ರ ಯಾವತ್ತೂ ಬೇಡ.

ಈ ದಾರಿಯ ಕೊರತೆ ಏನಪ್ಪಾ ಅಂದ್ರೆ ಟೂಲ್ ತುಂಬಾ ಮುಚ್ಚಿಡತ್ತೆ. ಡ್ರ್ಯಾಗ್ ಮಾಡಿದ್ರೆ ಗೂಸ್ ಆಯ್ತು, ಒಂದೇ ಕಂಪನಿ ರಿಲೇ ಇರೋವರೆಗೂ ಎಲ್ಲಾ ಸುಸೂತ್ರ. ಬೇರೆ ಕಂಪನಿಯ ಬಸ್‌ಬಾರ್ ರಿಲೇ ಬಂದ ದಿನ ಕಷ್ಟ ಶುರು. ಉದಾಹರಣೆಗೆ ಕಾನ್ಫ್‌ರೆವ್. ಗೂಸ್ ಕಳಿಸೋ ರಿಲೇಯ ಡೇಟಾಸೆಟ್‌ಗೆ ಒಂದು ಸಿಗ್ನಲ್ ಸೇರಿಸಿದ್ರೆ ಅದರ ಕಾನ್ಫಿಗರೇಷನ್ ರಿವಿಷನ್ ನಂಬರ್ ಏರತ್ತೆ, ತಗೊಳ್ಳೋ ರಿಲೇ ಹತ್ರ ಹಳೇ ನಂಬರ್ ಇರತ್ತೆ, ಮೆಸೇಜು ತಂತಿ ಮೇಲೆ ಓಡಾಡ್ತಾನೇ ಇರತ್ತೆ ಆದ್ರೆ ಆ ರಿಲೇ ಅದನ್ನ ಒಪ್ಪಲ್ಲ. ಬ್ರೇಕರ್ ಫೇಲ್ಯೂರ್ ಇನಿಷಿಯೇಷನ್ (ಬ್ರೇಕರ್ ತೆರೀದಿದ್ರೆ ಸುತ್ತಲಿನ ಬ್ರೇಕರ್ ತೆರೆಸೋಕೆ ಹೋಗೋ ಸಿಗ್ನಲ್) ಅದೇ ಗೂಸಲ್ಲಿ ಹೋಗ್ತಿದ್ರೆ ಪರಿಣಾಮ ಏನು ಅಂತ ಯೋಚನೆ ಮಾಡಿ. ಬಟನ್ ಒತ್ತೋದು ಮಾತ್ರ ಕಲಿತೋರು ಇಲ್ಲಿ ಕೇಬಲ್ ಬದಲಾಯಿಸ್ತಾರೆ, ಸ್ವಿಚ್ ರೀಸ್ಟಾರ್ಟ್ ಮಾಡ್ತಾರೆ, ದಿನ ಮುಗಿಯತ್ತೆ. ಮಾಡೆಲ್ ಗೊತ್ತಿರೋರು ವೈರ್‌ಶಾರ್ಕ್ (ನೆಟ್‌ವರ್ಕಲ್ಲಿ ಓಡಾಡೋ ಮೆಸೇಜು ತೋರಿಸೋ ಟೂಲ್) ತೆರೆದು ಎರಡೂ ಕಡೆಯ ನಂಬರ್ ಹೋಲಿಸಿ ಹತ್ತು ನಿಮಿಷದಲ್ಲಿ ಕಾರಣ ಹೇಳ್ತಾರೆ.

ಕಂಪನಿಗೆ ಸೇರದ ಸಿಸ್ಟಮ್ ಕಾನ್ಫಿಗರೇಷನ್ ಟೂಲುಗಳೂ ಇವೆ, ಹೆಲಿಂಕ್ಸ್ ಥರದ್ದು. ಸಿಂಗಲ್ ಲೈನಿಂದ ಶುರು ಮಾಡಿ ಮೇಲಿಂದ ಕೆಳಕ್ಕೆ ಬರೋ ಸರಿಯಾದ ಪದ್ಧತಿ ಅವು ಕಲಿಸತ್ವೆ, ಆದ್ರೆ ಬೆಲೆ ಒಬ್ಬೊಬ್ಬರು ಕೊಳ್ಳೋ ಮಟ್ಟದ್ದಲ್ಲ. ಆಫೀಸಲ್ಲಿ ಇದ್ರೆ ಬಿಡ್ಬೇಡಿ, ಇಲ್ಲಾಂದ್ರೆ ಅದನ್ನ ಹುಡ್ಕೊಂಡು ಹೋಗ್ಬೇಡಿ.

ಓಪನ್ ಸೋರ್ಸ್, ಮನೆಯಲ್ಲೇ

ನನ್ನ ಮನಸ್ಸು ಹೆಚ್ಚು ಇರೋದು ಈ ದಾರಿ ಮೇಲೆ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಬೇಕಾಗೋದು ಒಂದು ಸಾಧಾರಣ ಲ್ಯಾಪ್‌ಟಾಪ್, ಅದ್ರಲ್ಲಿ ಲಿನಕ್ಸ್ ಅಥವಾ ಒಂದು ವರ್ಚುವಲ್ ಮೆಷೀನ್. ಲಿಬ್‌ಐಇಸಿ61850 ಅನ್ನೋ ಸಿ ಲೈಬ್ರರಿ ಎಂಝಡ್ ಆಟೋಮೇಷನ್‌ನವರದ್ದು, ಜಿಪಿಎಲ್ ಲೈಸೆನ್ಸಲ್ಲಿ ಫ್ರೀ, ಪೈಥಾನಿಂದಲೂ ಬಳಸಬಹುದು. ಎಸ್‌ಸಿಡಿ ನೋಡೋಕೆ ತಿದ್ದೋಕೆ ಓಪನ್‌ಎಸ್‌ಸಿಡಿ ಇದೆ, ಬ್ರೌಸರಲ್ಲೇ ಓಡತ್ತೆ. ಕ್ಲೈಂಟ್ ಆಗಿ ಐಇಡಿ ಎಕ್ಸ್‌ಪ್ಲೋರರ್, ತಂತಿ ಮೇಲೆ ನೋಡೋಕೆ ವೈರ್‌ಶಾರ್ಕ್. ಒಮಿಕ್ರಾನ್‌ನ ಐಇಡಿಸ್ಕೌಟ್ ಇನ್ನೂ ಚೆನ್ನಾಗಿದೆ ಆದ್ರೆ ಅದು ದುಡ್ಡಿನದು, ಟ್ರಯಲ್ ಸಿಕ್ಕಿದಾಗ ಬಳಸಿ.

ಹೀಗೆ ಮಾಡಿ ನೋಡಿ. ಲೈಬ್ರರಿ ಬಿಲ್ಡ್ ಮಾಡಿ ಬೇಸಿಕ್ ಐಓ ಅನ್ನೋ ಸರ್ವರ್ ಉದಾಹರಣೆ ಓಡಿಸಿ. ಎಂಎಂಎಸ್‌ನ ಪೋರ್ಟ್ 102, ಲಿನಕ್ಸಲ್ಲಿ ಅದಕ್ಕೆ ಸುಡೋ ಬೇಕಾಗತ್ತೆ, ಹೊಸಬರು ಮೊದ್ಲು ಎಡವೋದು ಇಲ್ಲೇ. ಕ್ಲೈಂಟಿಂದ ಕನೆಕ್ಟ್ ಆದ್ರೆ ಸಿಂಪಲ್‌ಐಓ ಜೆನೆರಿಕ್‌ಐಓ ಅಂತ ಒಂದು ಲಾಜಿಕಲ್ ಡಿವೈಸ್ ಕಾಣತ್ತೆ, ಅದ್ರೊಳಗೆ ಜಿಜಿಐಓ1 (ಯಾವ ನಿರ್ದಿಷ್ಟ ಕೆಲಸಕ್ಕೂ ಸೇರದ ಸಾಮಾನ್ಯ ಇನ್‌ಪುಟ್ ಔಟ್‌ಪುಟ್‌ನ ಲಾಜಿಕಲ್ ನೋಡ್), ಅದ್ರಲ್ಲಿ ಅನಾಲಾಗ್ ಇನ್‌ಪುಟ್ ಬೆಲೆ ಏರಿಳಿತಾ ಇರತ್ತೆ. ಇಷ್ಟಕ್ಕೇ ನಿಲ್ಲಿಸ್ಬೇಡಿ. ಆ ಉದಾಹರಣೆಯ ಎಸ್‌ಸಿಎಲ್ ಫೈಲನ್ನ ಟೆಕ್ಸ್ಟ್ ಎಡಿಟರಲ್ಲಿ ತೆರೆದು ಅದಕ್ಕೆ ಒಂದು ಎಕ್ಸ್‌ಸಿಬಿಆರ್1 ಸೇರಿಸಿ. ಸೇರಿಸೋಕೆ ಹೋದಾಗ ಗೊತ್ತಾಗತ್ತೆ, ಬರೀ ಒಂದು ಸಾಲು ಬರೆದ್ರೆ ಆಗಲ್ಲ, ಕೆಳಗಡೆ ಡೇಟಾ ಟೈಪ್ ಟೆಂಪ್ಲೇಟ್ಸ್‌ನಲ್ಲಿ ಎಲ್‌ನೋಡ್‌ಟೈಪ್ ಬರೀಬೇಕು, ಅದ್ರಲ್ಲಿ ಪಾಸ್‌ಗೆ ಡಿಓಟೈಪ್, ಅದರ ಸಿಡಿಸಿ (ಡೇಟಾ ಬಗೆ) ಡಿಪಿಸಿ, ಅದ್ರೊಳಗೆ ಎಸ್‌ಟಿವ್ಯಾಲ್‌ನ ಟೈಪ್ ಡಿಬಿಪಾಸ್, ಫಂಕ್ಷನಲ್ ಕನ್‌ಸ್ಟ್ರೇಂಟ್ ಎಸ್‌ಟಿ. ಸಿಟಿಎಲ್‌ಮಾಡೆಲ್ ಹಾಕಿದ್ರೆ ಅದು ಸಿಎಫ್, ಅದಕ್ಕೊಂದು ಎನಮ್‌ಟೈಪ್. ಆಮೇಲೆ ಲೈಬ್ರರಿ ಜೊತೆ ಬರೋ ಜೆನ್‌ಮಾಡೆಲ್ ಅನ್ನೋ ಜಾವಾ ಟೂಲ್ ಓಡಿಸಿ, ಮತ್ತೆ ಬಿಲ್ಡ್ ಮಾಡಿ, ಕನೆಕ್ಟ್ ಆಗಿ. ನಿಮ್ಮ ಬ್ರೇಕರ್ ಅಲ್ಲಿ ಕಾಣತ್ತೆ. ಈ ಒಂದು ಅಭ್ಯಾಸ ಪೂರ್ತಿ ಮಾಡಿದ ಮೇಲೆ ಯಾವ ಕಂಪನಿಯ ಐಸಿಡಿ ತೆರೆದ್ರೂ ಭಯ ಇರಲ್ಲ, ಯಾಕಂದ್ರೆ ಎಲ್ಲಾ ಕಡೆ ಇರೋದು ಇದೇ ಹೆಣಿಗೆ.

ಮುಂದಿನದು ಗೂಸ್. ಪಬ್ಲಿಷರ್ ಉದಾಹರಣೆ ಒಂದು ವರ್ಚುವಲ್ ಮೆಷೀನಲ್ಲಿ, ಸಬ್‌ಸ್ಕ್ರೈಬರ್ ಇನ್ನೊಂದ್ರಲ್ಲಿ ಓಡಿಸಿ ವೈರ್‌ಶಾರ್ಕಲ್ಲಿ ನೋಡಿ. ಇದಕ್ಕೆ ಐಪಿ ಇಲ್ಲ, ನೇರ ಈಥರ್ನೆಟ್ ಮೇಲೆ ಈಥರ್‌ಟೈಪ್ 88ಬಿ8, ಮಲ್ಟಿಕಾಸ್ಟ್ ಮ್ಯಾಕ್ 01-0ಸಿ-ಸಿಡಿ-01 ಅಂತ ಶುರು. ಮನೆ ವೈಫೈ ಮೇಲೆ ಪ್ರಯತ್ನ ಮಾಡ್ಬೇಡಿ, ವೈಫೈ ರೂಟರ್ ಇಂಥ ಫ್ರೇಮನ್ನ ದಾಟಿಸತ್ತೆ ಅಂತ ನಂಬೋಕಾಗಲ್ಲ. ವಿಂಡೋಸಲ್ಲಿ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ವಿಲ್ಯಾನ್ ಟ್ಯಾಗ್ ಕಿತ್ತುಹಾಕಿ ತೋರಿಸೋದೂ ಇದೆ, ಟ್ಯಾಗ್ ಕಾಣಲಿಲ್ಲ ಅಂತ ರಿಲೇ ಮೇಲೆ ಅನುಮಾನ ಪಡ್ಬೇಡಿ. ಬೆಲೆ ಬದಲಾದ ತಕ್ಷಣ ಎಸ್‌ಟಿನಮ್ ಒಂದು ಏರತ್ತೆ, ಎಸ್‌ಕ್ಯೂನಮ್ ಸೊನ್ನೆಗೆ ಬರತ್ತೆ, ಆಮೇಲೆ ಅದೇ ಮೆಸೇಜು ಮೊದ್ಲು ಬೇಗ ಬೇಗ, ಬರ್ತಾ ಬರ್ತಾ ನಿಧಾನವಾಗಿ ಮರುಕಳಿಸತ್ತೆ. ನಿಜವಾದ ರಿಲೇಯಲ್ಲಿ ಸೈಟಲ್ಲಿ ನೋಡೋದೂ ಇದನ್ನೇ, ಟ್ರಿಪ್ ಥರದ ಅತಿವೇಗದ ಮೆಸೇಜಿಗೆ ಸ್ಟ್ಯಾಂಡರ್ಡ್ ಕೇಳೋ ಟ್ರಾನ್ಸ್‌ಫರ್ ಟೈಮ್ 3 ಮಿಲಿಸೆಕೆಂಡ್.

ಈ ದಾರಿಯಲ್ಲಿ ಸಿಗದೇ ಇರೋದೂ ಇದೆ. ನಿಜವಾದ ಪ್ರೊಟೆಕ್ಷನ್ ರಿಲೇಯ ನೂರಾರು ಲಾಜಿಕಲ್ ನೋಡು, ಕಂಪನಿಗಳ ಪ್ರೈವೇಟ್ ಸೆಕ್ಷನ್ನು, ಒಂದು ಟೂಲಿನ ಎಸ್‌ಸಿಡಿ ಇನ್ನೊಂದಕ್ಕೆ ಹಾಕಿದಾಗ ಬರೋ ಎರರ್, ಇವೆಲ್ಲಾ ಇಲ್ಲಿ ಸಿಗಲ್ಲ. ಬರೀ ಇದನ್ನ ಕಲಿತೋರು ಪ್ಯಾನೆಲ್ ಮುಂದೆ ನಿಂತಾಗ ತಡವರಿಸ್ತಾರೆ. ಪ್ರೋಗ್ರಾಮಿಂಗ್ ಅಂದ್ರೆ ಆಗದೇ ಇರೋರಿಗೂ ಶುರುವಿನಲ್ಲಿ ಕಷ್ಟ, ಅಂಥವರು ಬಿಲ್ಡ್ ಮಾಡೋಕೆ ಯಾರಾದ್ರೂ ಸಾಫ್ಟ್‌ವೇರ್ ಸ್ನೇಹಿತರನ್ನ ಒಂದು ಸಂಜೆ ಕೂರಿಸ್ಕೊಂಡ್ರೆ ಸಾಕು, ಆಮೇಲಿನದು ಎಕ್ಸ್‌ಎಂಎಲ್ ಅಷ್ಟೆ.

ಕ್ಲಾಸಲ್ಲಿ ಕೂತು ಕಲಿಯೋದು

ಬೆಂಗಳೂರಲ್ಲಿ ಇರೋರಿಗೆ ಇದೊಂದು ಅನುಕೂಲ. 1960ರಲ್ಲಿ ಶುರುವಾದ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ಸದಾಶಿವನಗರದಲ್ಲಿದೆ, ಎನ್‌ಪಿಟಿಐನ (ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ) ಪವರ್ ಸಿಸ್ಟಮ್ಸ್ ತರಬೇತಿ ಸಂಸ್ಥೆ ಬನಶಂಕರಿಯಲ್ಲಿದೆ. ಅವರ ತರಬೇತಿ ಕ್ಯಾಲೆಂಡರಲ್ಲಿ ಪ್ರೊಟೆಕ್ಷನ್, ಸಬ್‌ಸ್ಟೇಷನ್ ಆಟೋಮೇಷನ್ ವಿಷಯ ಬಂದಾಗ ನೋಡ್ಕೊಂಡು ಅರ್ಜಿ ಹಾಕಿ. ರಿಲೇ ಕಂಪನಿಗಳೂ ತಮ್ಮದೇ ತರಬೇತಿ ನಡೆಸ್ತಾವೆ, ಅದ್ರಲ್ಲಿ ಎದುರಿಗೇ ರಿಲೇ ಇರತ್ತೆ, ಅದೇ ದೊಡ್ಡ ಲಾಭ. ಕೆಪಿಟಿಸಿಎಲ್ ಇರ್ಲಿ, ಎಸ್ಕಾಂ ಇರ್ಲಿ, ಖಾಸಗಿ ಕಂಪನಿ ಇರ್ಲಿ, ಕೆಲಸದಲ್ಲಿರೋರು ಮೇಲಿನವರನ್ನ ಕೇಳಿ ಆಫೀಸ್ ಖರ್ಚಲ್ಲೇ ಹೋಗೋಕೆ ನೋಡಿ, ಫೀಸು ಸ್ವಂತಕ್ಕೆ ಭಾರ ಆಗತ್ತೆ.

ಆದ್ರೆ ನಾಲ್ಕೈದು ದಿನದ ತರಬೇತಿಗೆ ಏನೂ ಗೊತ್ತಿಲ್ದೇ ಹೋದ್ರೆ ಮೊದಲ ಎರಡು ದಿನ ಸಂಕ್ಷೇಪಾಕ್ಷರ ಕೇಳೋದ್ರಲ್ಲೇ ಕಳೆಯತ್ತೆ. ಮನೆಯಲ್ಲಿ ಮೇಲಿನ ಎಕ್ಸ್‌ಸಿಬಿಆರ್ ಅಭ್ಯಾಸ ಮುಗಿಸಿ ಹೋಗಿ, ಕೇಳೋ ಪ್ರಶ್ನೆಗಳೇ ಬೇರೆ ಆಗಿರತ್ತೆ. ಸರ್ಟಿಫಿಕೇಟಿಗೋಸ್ಕರ ಮಾತ್ರ ಸೇರೋದಾದ್ರೆ ಬೇಡ ಅಂತೀನಿ.

ಸೈಟಲ್ಲಿ, ಎಫ್‌ಎಟಿಯಲ್ಲಿ ಕಲಿಯೋದು

ಇದಕ್ಕೆ ಕಾಸು ಖರ್ಚಿಲ್ಲ, ಕೈಗೂ ಬರತ್ತೆ, ಆದ್ರೆ ಪಕ್ಕದಲ್ಲಿ ಯಾರಿದಾರೆ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ. ಹೇಳಿಕೊಡೋ ಸೀನಿಯರ್ ಸಿಕ್ಕಿದ್ರೆ ಆರು ತಿಂಗಳಲ್ಲಿ ಬೇರೆಯವರು ಮೂರು ವರ್ಷದಲ್ಲಿ ಕಲಿಯದ್ದನ್ನ ಕಲೀತೀರಿ, ಸಿಗದಿದ್ರೆ ಕೇಬಲ್ ಫೆರೂಲ್ ಚೆಕ್ ಮಾಡೋದ್ರಲ್ಲೇ ಪ್ರಾಜೆಕ್ಟ್ ಮುಗಿಯತ್ತೆ. "ಸರ್, ಎಸ್‌ಸಿಡಿ ಒಂದು ಕಾಪಿ ನೋಡೋಕೆ ಕೊಡ್ತೀರಾ?" ಅಂತ ಕೇಳೋಕೆ ಸಂಕೋಚ ಬೇಡ, ಆದ್ರೆ ಆ ಫೈಲಲ್ಲಿ ಸ್ಟೇಷನ್ನಿನ ನೆಟ್‌ವರ್ಕ್ ವಿವರ ಎಲ್ಲಾ ಇರತ್ತೆ, ಅನುಮತಿ ಇಲ್ದೇ ಪೆನ್‌ಡ್ರೈವಲ್ಲಿ ಮನೆಗೆ ತರೋದು, ವಾಟ್ಸಾಪಲ್ಲಿ ಕಳಿಸೋದು ಖಂಡಿತಾ ಮಾಡ್ಬೇಡಿ.

ಸೈಟಲ್ಲಿ ಮಾತ್ರ ಕಲಿಯೋ ವಿಷಯಕ್ಕೆ ಒಂದು ಉದಾಹರಣೆ ಹೇಳ್ತೀನಿ, ರಿಪೋರ್ಟ್ ಕಂಟ್ರೋಲ್ ಬ್ಲಾಕ್. ರಿಲೇಯಿಂದ ಎಚ್‌ಎಂಐಗೆ (ಸ್ಟೇಷನ್ನಿನ ಕಂಟ್ರೋಲ್ ಪರದೆಗೆ), ಗೇಟ್‌ವೇಗೆ (ಲೋಡ್ ಡಿಸ್ಪ್ಯಾಚ್ ಕಡೆಗೆ ಡೇಟಾ ಕಳಿಸೋ ಪೆಟ್ಟಿಗೆಗೆ), ಅದರ ಸ್ಟ್ಯಾಂಡ್‌ಬೈಗೆ ಈವೆಂಟ್ ಹೋಗ್ಬೇಕು. ಒಂದೊಂದು ಕ್ಲೈಂಟ್ ಒಂದೊಂದು ಇನ್‌ಸ್ಟೆನ್ಸ್ ಹಿಡ್ಕೊಳ್ಳತ್ತೆ, ರಿಪೋರ್ಟ್ ಎನೇಬಲ್ಡ್ ಮ್ಯಾಕ್ಸ್ ಎರಡು ಅಂತ ಬಿಟ್ಟಿದ್ರೆ ಮೂರನೆಯವರಿಗೆ ಜಾಗ ಇಲ್ಲ. ಎಚ್‌ಎಂಐನಲ್ಲಿ ಎಲ್ಲಾ ಸರಿ ಕಾಣತ್ತೆ, ಲೋಡ್ ಡಿಸ್ಪ್ಯಾಚ್ ಕಡೆ ಮಾತ್ರ ಡೇಟಾ ಇಲ್ಲ, ಗೇಟ್‌ವೇ ಆಫ್ ಆನ್ ಮಾಡಿದ್ರೆ ಅದು ಬಂದು ಇನ್ನೊಂದು ಹೋಗತ್ತೆ. ಅದೇ ಥರ ಕಂಟ್ರೋಲ್ ಮಾಡೆಲ್: ರಿಲೇಯಲ್ಲಿ ಸೆಲೆಕ್ಟ್ ಬಿಫೋರ್ ಆಪರೇಟ್ ವಿತ್ ಎನ್‌ಹ್ಯಾನ್ಸ್ಡ್ ಸೆಕ್ಯುರಿಟಿ (ಮೊದ್ಲು ಆಯ್ಕೆ, ಆಮೇಲೆ ಕಮಾಂಡ್) ಇದ್ದು ಗೇಟ್‌ವೇ ಡೈರೆಕ್ಟ್ ಅಂದ್ಕೊಂಡಿದ್ರೆ ಕ್ಲೋಸ್ ಕಮಾಂಡ್ ವಾಪಸ್ ಬರತ್ತೆ. ಮತ್ತೆ ಎಲ್ಲಾ ಸಿಗ್ನಲನ್ನೂ ಜಿಜಿಐಓ ಇಂಡಿಕೇಷನ್ 1, 2, 3 ಅಂತ ತುಂಬಿಟ್ಟಿರೋ ಫೈಲುಗಳನ್ನ ಸೈಟಲ್ಲಿ ನೋಡ್ತೀರಿ. ಆಗ ಮತ್ತೆ ಹಳೇ ಎಕ್ಸೆಲ್ ಶೀಟಿಗೇ ಹೋಗಿ ಯಾವುದು ಏನು ಅಂತ ಹುಡುಕ್ಬೇಕು, ಮಾಡೆಲ್ ಇದ್ದೂ ಇಲ್ಲದ ಹಾಗೆ. ಸರಿಯಾದ ಲಾಜಿಕಲ್ ನೋಡ್ ಇರೋ ಕಡೆ ಜಿಜಿಐಓ ಬಳಸೋದು ಮುಂದೆ ಬರೋ ಮೆಂಟೆನೆನ್ಸ್‌ನವರಿಗೆ ಮಾಡೋ ಅನ್ಯಾಯ, ದಯವಿಟ್ಟು ಹಾಗೆ ಕಲೀಬೇಡಿ.

ಹಾಗಾದ್ರೆ ಯಾರಿಗೆ ಯಾವ್ದು

ಕಾಲೇಜಲ್ಲಿರೋರಿಗೆ ದುಡ್ಡಿಲ್ಲ, ಸಮಯ ಇದೆ. ಓಪನ್ ಸೋರ್ಸ್ ದಾರಿಯೇ ಸರಿ, ಜೊತೆಗೆ ಕಾಲೇಜ್ ಲೈಬ್ರರಿಯಲ್ಲಿ 7-1 ಸಿಕ್ಕಿದ್ರೆ ಓದಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಎರಡು ರಾಸ್‌ಬೆರಿ ಪೈ, ಒಂದು ಸಣ್ಣ ಸ್ವಿಚ್ ಇಟ್ಕೊಂಡು ಇಂಟರ್‌ಲಾಕ್ ಗೂಸ್ ಮಾಡಿ ತೋರಿಸಿ, ಇಂಟರ್‌ವ್ಯೂನಲ್ಲಿ ಹೇಳೋಕೆ ನಿಜವಾದ ವಿಷಯ ಇರತ್ತೆ.

ರಿಲೇ ಟೆಸ್ಟಿಂಗ್ ಕೆಲಸದಲ್ಲಿರೋರು ಕಂಪನಿ ಟೂಲಿಂದ ಶುರು ಮಾಡಿ, ನೀವು ಈಗಾಗ್ಲೇ ಯಾವ ರಿಲೇ ಹೆಚ್ಚು ಮುಟ್ತೀರೋ ಅದ್ರದ್ದೇ. ಪ್ರೊಟೆಕ್ಷನ್ ನಿಮಗೆ ಗೊತ್ತಿರೋದ್ರಿಂದ ಪಿಟಿಓಸಿ ಆಪ್ (ಓವರ್‌ಕರೆಂಟ್ ಆಪರೇಟ್), ಪಿಟಿಆರ್‌ಸಿ ಟಿಆರ್ (ಟ್ರಿಪ್) ಅಂದ ತಕ್ಷಣ ಹೊಳೆಯತ್ತೆ, ಕೊರತೆ ಇರೋದು ನೆಟ್‌ವರ್ಕ್ ಕಡೆ. ವೈರ್‌ಶಾರ್ಕನ್ನ ಸೆಕೆಂಡರಿ ಇಂಜೆಕ್ಷನ್ ಕಿಟ್ ಜೊತೆ ಸದಾ ಇಟ್ಕೊಳ್ಳಿ.

ಸಾಫ್ಟ್‌ವೇರಿಂದ ಬಂದೋರಿಗೆ ಇದು ಉಲ್ಟಾ. ಎಕ್ಸ್‌ಎಂಎಲ್, ನೆಟ್‌ವರ್ಕ್ ನೀರು ಕುಡಿದಷ್ಟು ಸುಲಭ ಅನ್ನಿಸತ್ತೆ, ಆದ್ರೆ ಬ್ರೇಕರ್ ಯಾಕೆ ಎರಡು ಬಿಟ್, ಇಂಟರ್‌ಲಾಕ್ ಯಾಕೆ ಬೇಕು ಅಂತ ಗೊತ್ತಿರಲ್ಲ. ನಿಮಗೆ ಸ್ಟ್ಯಾಂಡರ್ಡು ಮತ್ತೆ ಲೈಬ್ರರಿ ಜೊತೆಗೆ ಒಂದ್ಸಲ ಸಬ್‌ಸ್ಟೇಷನ್ ಒಳಗೆ ಹೋಗಿ ಬರೋದು ಕಡ್ಡಾಯ ಅಂತ ನಾನು ಹೇಳ್ತೀನಿ, ಮ್ಯಾನೇಜರನ್ನ ಕೇಳಿ ವ್ಯವಸ್ಥೆ ಮಾಡಿಸ್ಕೊಳ್ಳಿ.

ಕೆಪಿಟಿಸಿಎಲ್, ಪವರ್‌ಗ್ರಿಡ್ ಥರ ಸ್ಟೇಷನ್ ಒಡೆತನ ಇರೋ ಕಡೆಯವರ ಅಗತ್ಯ ಇನ್ನೂ ಬೇರೆ. ನೀವು ಕಾನ್ಫಿಗರ್ ಮಾಡೋದಕ್ಕಿಂತ ಕಂಟ್ರಾಕ್ಟರ್ ಮಾಡಿಕೊಟ್ಟದ್ದನ್ನ ಪರೀಕ್ಷೆ ಮಾಡಿ ತಗೊಳ್ಳೋದು ಹೆಚ್ಚು. ನಿಮಗೆ ಬೇಕಾದ್ದು ಎಸ್‌ಸಿಡಿ ಓದೋ ಶಕ್ತಿ, ಟೂಲ್ ಆಮೇಲೆ. ಓಪನ್‌ಎಸ್‌ಸಿಡಿಯಲ್ಲಿ ಫೈಲ್ ತೆರೆದು ಸಬ್‌ಸ್ಟೇಷನ್ ಸೆಕ್ಷನ್ ಖಾಲಿ ಇದ್ಯಾ, ಗೂಸ್ ಮ್ಯಾಟ್ರಿಕ್ಸ್ ಡ್ರಾಯಿಂಗ್‌ಗೆ ತಾಳೆ ಆಗತ್ತಾ ನೋಡೋದು ಕಲೀರಿ, ಎಸ್‌ಎಟಿ (ಸೈಟಲ್ಲಿ ನಡೆಯೋ ಒಪ್ಪಿಗೆ ಪರೀಕ್ಷೆ) ಮುಗಿದ ದಿನ ಕೊನೇ ಎಸ್‌ಸಿಡಿ, ಪ್ರಾಜೆಕ್ಟ್ ಫೈಲು, ಪಾಸ್‌ವರ್ಡ್ ಎಲ್ಲಾ ಬರೆಸ್ಕೊಂಡು ತಗೊಳ್ಳಿ. ಪಂಜಾಬಿನ ಮಲೇರ್‌ಕೋಟ್ಲಾದಲ್ಲಿ ಪವರ್‌ಗ್ರಿಡ್ ತನ್ನ 400/220 ಕೆವಿ ಸ್ಟೇಷನನ್ನ 2020ರಲ್ಲಿ ಪ್ರೊಸೆಸ್ ಬಸ್‌ಗೆ ಬದಲಾಯಿಸ್ತು, ಅಂದ್ರೆ ಸಿಟಿ ಪಿಟಿ (ಕರೆಂಟ್, ವೋಲ್ಟೇಜ್ ಅಳೆಯೋಕಿರೋ ಟ್ರಾನ್ಸ್‌ಫಾರ್ಮರ್) ಸಿಗ್ನಲ್ ಕೂಡ ಸ್ಯಾಂಪಲ್ಡ್ ವ್ಯಾಲ್ಯೂ, ಅಂದ್ರೆ ಅಂಕಿಗಳ ಸರಣಿ, ಆಗಿ ಫೈಬರಲ್ಲೇ ಬರತ್ತೆ. ಸ್ಯಾಂಪಲ್ಡ್ ವ್ಯಾಲ್ಯೂಗೆ ಇರೋ 9-2ಎಲ್‌ಇ ಪ್ರೊಫೈಲಲ್ಲಿ, ಪ್ರೊಟೆಕ್ಷನ್ ಬಳಕೆಗೆ, ನಮ್ಮ 50 ಹರ್ಟ್ಸ್‌ಗೆ ಒಂದೊಂದು ಸ್ಟ್ರೀಮಿಂದ ಸೆಕೆಂಡಿಗೆ 4000 ಸ್ಯಾಂಪಲ್, ಟೈಮ್ ಸಿಂಕ್ ಮೈಕ್ರೋಸೆಕೆಂಡ್ ಮಟ್ಟದಲ್ಲಿ. ಇಂಥ ಸ್ಟೇಷನ್‌ನಲ್ಲಿ ಎಸ್‌ಸಿಡಿ ಓದೋಕೆ ಬರದವರು ಸಣ್ಣ ದೋಷಕ್ಕೂ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ಕಾಯ್ಬೇಕಾಗತ್ತೆ.

ಹಳೇ ರಿಲೇ ಕೊಂಡು ಮನೇಲಿ ಲ್ಯಾಬ್ ಮಾಡ್ಲಾ ಅಂತಲೂ ಕೇಳ್ತಾರೆ. ಮಾಡಬಹುದು, ಆದ್ರೆ ದುಡ್ಡು ಕೊಡೋ ಮುಂಚೆ ರಿಲೇಯ ಆರ್ಡರ್ ಕೋಡ್ ಫೋಟೋ ತರಿಸ್ಕೊಂಡು ಕಂಪನಿಯ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ: ಅದ್ರಲ್ಲಿ ಈಥರ್ನೆಟ್ ಕಾರ್ಡ್ ಇದ್ಯಾ, 61850 ಆಪ್ಷನ್ ಇದ್ಯಾ ಇಲ್ಲಾ ಬರೀ ಮಾಡ್‌ಬಸ್, 103 ಥರದ ಹಳೇ ಪ್ರೊಟೊಕಾಲ್ ಮಾತ್ರನಾ, ಯಾವ ಎಡಿಷನ್, ಪೋರ್ಟ್ ಕಾಪರೋ ಫೈಬರೋ, ಆಕ್ಸಿಲರಿ ಸಪ್ಲೈ 110 ವೋಲ್ಟ್ ಡಿಸಿ ಮಾತ್ರನಾ ಇಲ್ಲಾ ಮನೆಯ 230 ವೋಲ್ಟ್ ಎಸಿಯಲ್ಲೂ ಓಡತ್ತಾ, ಮತ್ತೆ ಅದರ ಟೂಲ್ ಇವತ್ತಿನ ವಿಂಡೋಸಲ್ಲಿ ಇನ್‌ಸ್ಟಾಲ್ ಆಗತ್ತಾ.